ನಲವತ್ತೆರಡು ಡಿಗ್ರಿ

ಉಂಗುರ ಈ ಸಲವೂ ಬೆರಳಿನ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಮರೀನಸ್ ಕಾರು ಓಡಿಸುತ್ತಲೇ ಓರೆಗಣ್ಣಿನಲ್ಲಿ ಹೆಂಡತಿಯನ್ನು ನೋಡಿ, "ಅಲ್ಲಿಗೆ ಹೋದ್ಮೇಲೆ ಸೋಪು ಹಚ್ಚಿ ತೆಗೆದ್ರಾಯ್ತು ಬಿಡೇ, ಈಗ್ಲೇ ಯಾಕೆ ಬೆರಳು ಕಿತ್ಕೋತೀಯ" ಅಂದ. ನೆಲ್ಲಾ ಕೇಳಿಸದವಳಂತೆ ಉಂಗುರವನ್ನು ತಿರುಗಿಸುತ್ತಲೇ ಇದ್ದಳು. ಶಾಖದ ಕೋಣೆಯೊಳಗೆ ಮೈಮೇಲೆ ಲೋಹದ್ದು ಏನೂ ಇರಬಾರದು. ಉಂಗುರ, ಕಿವಿಯೋಲೆ, ಗಡಿಯಾರ, ಹೇರ್‌ಪಿನ್ನು, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಬಟ್ಟಲಿಗೆ ಹಾಕಿ ಹೊರಗಿಡಬೇಕು. ಮೊದಲ ಸಲ ಹಾಗೆ ಬಿಚ್ಚಿಡುವಾಗ ಅವಳಿಗೆ ಹೆಣಕ್ಕೆ ಸ್ನಾನ ಮಾಡಿಸುವ ಮೊದಲು ಒಡವೆ ಬಿಚ್ಚುವುದು ನೆನಪಾಗಿತ್ತು. ಇವತ್ತು ಮೂರನೆಯ ಸಲ. ಒಟ್ಟು ಇರುವುದೇ ನಾಲ್ಕು. ಮೊದಲ ಎರಡನ್ನು ತಾನೇ ಹಾಳು ಮಾಡಿದ್ದೇನೆ ಎಂಬುದು ಈ ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತಿತ್ತು. ಕಾರು ಕಟ್ಟೆಯ ಮೇಲೆ ಓಡುತ್ತಿತ್ತು, ಎಡಕ್ಕೆ ಸಮುದ್ರ, ಬಲಕ್ಕೆ ಸಿಹಿನೀರು, ಎರಡೂ ಬೂದಿಬಣ್ಣವಾಗಿದ್ದವು. ಅವರ ಊರು ಜೀರಿಕ್‌ಜೇಯಿಂದ ರೋಟರ್‌ಡ್ಯಾಮಿನ ಆಸ್ಪತ್ರೆಗೆ ಒಂದು ಗಂಟೆಯ ದಾರಿ. ಆ ಒಂದು ಗಂಟೆಯಲ್ಲಿ ಗಂಡನಿಗಾದರೂ ಹೇಳಿಬಿಡಬಹುದು ಎಂದು ಅವಳು ಪ್ರತಿ ಸೇತುವೆಗೂ ಅಂದುಕೊಂಡಳು, ಪ್ರತಿ ಸೇತುವೆಯೂ ಹಿಂದೆ ಹೋಯಿತು.

ಡಾಕ್ಟರು ಮೊದಲ ದಿನವೇ ಬಿಡಿಸಿ ಹೇಳಿದ್ದರು. ಆ ಊರಿನ ಡಾಕ್ಟರುಗಳು ಸುತ್ತಿಬಳಸಿ ಮಾತಾಡುವವರಲ್ಲ. "ಹದಿನಾಲ್ಕು ವರ್ಷದ ಹಿಂದೆ ಆ ಜಾಗಕ್ಕೆ ಪೂರ್ತಿ ವಿಕಿರಣ ಕೊಟ್ಟಾಗಿದೆ. ಅಷ್ಟನ್ನೇ ಇನ್ನೊಂದ್ಸಲ ಕೊಟ್ರೆ ಚರ್ಮ ತಡಿಯಲ್ಲ. ಅದಕ್ಕೆ ಕಡಿಮೆ ಕೊಡ್ತೀವಿ, ವಾರಕ್ಕೆ ಎರಡು ಸಲ. ಅದರಲ್ಲಿ ಒಂದು ಸಲ, ವಿಕಿರಣ ಆದ ತಕ್ಷಣ, ಆ ಜಾಗವನ್ನ ಒಂದು ಗಂಟೆ ಬಿಸಿ ಮಾಡ್ತೀವಿ. ಕಾದ ಗೆಡ್ಡೆ ಮೇಲೆ ಕಡಿಮೆ ವಿಕಿರಣವೂ ಜಾಸ್ತಿ ಕೆಲಸ ಮಾಡುತ್ತೆ. ಆದರೆ ಕಾಯಬೇಕು. ನಲವತ್ತೊಂದು, ನಲವತ್ತೆರಡು ಡಿಗ್ರಿ, ಅಷ್ಟಾದರೂ." ಮರೀನಸ್, "ಇದೂ ಕೆಲಸ ಮಾಡದಿದ್ರೆ ಮೂರನೇ ಸಲ ಕೊಡ್ಬೌದಾ?" ಅಂತ ಕೇಳಿದ. ಡಾಕ್ಟರು "ಇಲ್ಲ" ಅಂದರು. ಒಂದೇ ಪದ. ಅದಾದ ಮೇಲೆ ಅವರು ಇನ್ನೂ ಏನೇನೋ ಹೇಳಿರಬೇಕು, ನೆಲ್ಲಾಳಿಗೆ ಕೇಳಿಸಲಿಲ್ಲ. ಅವಳು ಅವರ ಮೇಜಿನ ಮೇಲಿದ್ದ ಸೇಬನ್ನು ನೋಡುತ್ತಾ, ಇದನ್ನು ಇವರು ಮಧ್ಯಾಹ್ನ ತಿನ್ನುತ್ತಾರೆ, ಹನ್ನೆರಡೂವರೆಗೆ, ಸಿಪ್ಪೆ ಸಮೇತ, ಎಂದು ಯೋಚಿಸುತ್ತಿದ್ದಳು.

ಸ್ತನದ ಕ್ಯಾನ್ಸರು ಮರಳಿ ಬಂದದ್ದು ಹಳೆಯ ಆಪರೇಷನ್ನಿನ ಗಾಯದ ಗೀಟಿನ ಮೇಲೆ, ನಾಲ್ಕೈದು ಕೆಂಪು ಗುಳ್ಳೆಗಳಾಗಿ. ಮೊಲೆ ಇಲ್ಲದ ಆ ಬಯಲನ್ನು ಅವಳು ಕನ್ನಡಿಯಲ್ಲಿ ನೋಡುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಮೈ ಒರೆಸಿಕೊಳ್ಳುವಾಗ ಕೈಗೆ ಸಿಕ್ಕವು. ಕ್ಲೋರಿನ್ನು, ಅಂದುಕೊಂಡಳು. ಮೂವತ್ತೊಂದು ವರ್ಷ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸಿದವಳು, ಕ್ಲೋರಿನ್ನಿನ ದದ್ದು ಯಾವ ಮಗುವಿಗೆ ಹೇಗೆ ಏಳುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲವಳು. ಮುಲಾಮು ಹಚ್ಚಿದಳು. ನಾಲ್ಕು ತಿಂಗಳು ಹಚ್ಚಿದಳು. ಮುಲಾಮಿನ ಟ್ಯೂಬು ಮುಗಿದಾಗ ಇನ್ನೊಂದು ತಂದಳು, ಅದನ್ನು ಗಂಡನ ಕಣ್ಣಿಗೆ ಬೀಳದಂತೆ ಟವೆಲ್ಲುಗಳ ಹಿಂದೆ ಇಟ್ಟಳು. ಕ್ಲೋರಿನ್ನಿನ ದದ್ದಿಗೆ ಹಚ್ಚುವ ಮುಲಾಮನ್ನು ಯಾರಾದರೂ ಬಚ್ಚಿಡುತ್ತಾರೆಯೇ? ಬಚ್ಚಿಟ್ಟ ಕೈಗೆ ನಿಜ ಗೊತ್ತಿತ್ತು. ಆ ನಾಲ್ಕು ತಿಂಗಳು ಅವಳ ಪಾಪದ ಲೆಕ್ಕದಲ್ಲಿ ಮೊದಲನೆಯದು. ಶಾಖದ ಕೋಣೆಯಲ್ಲಿ ಆಡಿದ ಸುಳ್ಳು ಎರಡನೆಯದು, ಮತ್ತು ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದನ್ನು ಆಡುವಾಗ ಅವಳಿಗೆ ಎಲ್ಲವೂ ಗೊತ್ತಿತ್ತು.

ಅಲ್ಲಿ ಆದದ್ದು ಇಷ್ಟೇ. ಎದೆಯ ಮೇಲೆ ನೀರು ತುಂಬಿದ ತೆಳುವಾದ ಚೀಲ ಹಾಸಿದರು, ಅದರ ಮೇಲೆ ಶಾಖ ಕೊಡುವ ನಾಲ್ಕು ಪೆಟ್ಟಿಗೆಗಳನ್ನು ಇಳಿಸಿದರು. ಚರ್ಮಕ್ಕೂ ಚೀಲಕ್ಕೂ ನಡುವೆ ದಾರದಷ್ಟು ಸಣ್ಣ ತಂತಿಗಳು, ಅವು ಶಾಖ ಅಳೆಯುತ್ತವೆ. "ತಂತಿ ಇರೋ ಜಾಗ ಮಾತ್ರ ನಮಗೆ ಕಾಣ್ಸುತ್ತೆ," ಅಂದಿದ್ದಳು ಯಂತ್ರ ನೋಡಿಕೊಳ್ಳುವ ಇಲ್ಸೆ, ಮೂವತ್ತರ ಆಸುಪಾಸಿನ, ಎತ್ತರದ, ದೊಡ್ಡ ಕೈಗಳ ಹೆಂಗಸು. "ನಡುವಿನ ಜಾಗಕ್ಕೆ ನೀವೇ ನಮ್ಮ ಥರ್ಮಾಮೀಟರ್ರು. ಬಿಸಿ ಅನ್ಸಿದ್ರೆ ಪರ್ವಾಗಿಲ್ಲ. ನೋವು ಅಂದ ತಕ್ಷಣ ಹೇಳ್ಬೇಕು. ಧೈರ್ಯ ತೋರಿಸೋಕೆ ಹೋಗ್ಬೇಡಿ, ಸುಟ್ಟು ಬೊಬ್ಬೆ ಬರುತ್ತೆ." ಶಾಖ ಬಂತು. ಮಾರ್ಚಿನ ಬಿಸಿಲಿಗೆ ಗೋಡೆಗೊರಗಿ ನಿಂತಷ್ಟು ಹಿತವಾಗಿಯೇ ಬಂತು. ಏಳನೆಯ ನಿಮಿಷಕ್ಕೆ, ಗಡಿಯಾರ ಎದುರಿಗೇ ಇತ್ತು, ಆ ಕೋಣೆಯ ಗೋಡೆಯೊಳಗೆಲ್ಲ ತಂತಿಯ ಬಲೆ ಹೊಸೆದಿದ್ದಾರೆ, ಹೊರಗಿನ ಯಾವ ಅಲೆಯೂ ಒಳಗೆ ಬರುವುದಿಲ್ಲ, ಒಳಗಿನದು ಹೊರಗೆ ಹೋಗುವುದಿಲ್ಲ ಎಂದು ಇಲ್ಸೆ ಹೇಳಿದ್ದು ನೆನಪಾಯಿತು. ನಾನು ಇಲ್ಲಿ ಸತ್ತರೆ ನನ್ನ ಪ್ರಾಣವೂ ಇದೇ ಬಲೆಗೆ ಬಡಿದುಕೊಳ್ಳುತ್ತದೆ ಅನ್ನಿಸಿತು. ಪೆಟ್ಟಿಗೆಗಳ ಭಾರ ಎದೆಯ ಮೇಲೆ ಹೆಚ್ಚಾಯಿತು. ಎದೆ ಡವಗುಟ್ಟಿತು. ಏಳಬೇಕು, ಈಗಲೇ, ಇದನ್ನೆಲ್ಲ ಕಿತ್ತೆಸೆದು ಹೊರಗೆ ಓಡಬೇಕು. ಆಗ ಅವಳ ಬಾಯಿಗೆ ಬರಬೇಕಾಗಿದ್ದ ಮಾತು 'ಭಯ ಆಗ್ತಿದೆ' ಎಂಬುದು. ಅರವತ್ತೊಂದು ವರ್ಷದಲ್ಲಿ ಆ ಎರಡು ಪದ ಅವಳ ಬಾಯಿಂದ ಹೊರಟದ್ದೇ ಇಲ್ಲ. ನೋವು ಮರ್ಯಾದೆಯ ಮಾತು. ನೋವಿಗೆ ಕಾರಣ ಕೊಡಬೇಕಾಗಿಲ್ಲ. "ನೋಯ್ತಿದೆ" ಅಂದಳು. ಇಲ್ಸೆ ತಕ್ಷಣ ಶಾಖ ಇಳಿಸಿದಳು. "ಇನ್ನೂ ನೋಯ್ತಿದೆ" ಅಂದಳು. ಇನ್ನೂ ಇಳಿಸಿದಳು. ಒಂದು ಗಂಟೆ ಪೂರ್ತಿ ಅವಳ ಎದೆ ಸ್ನಾನದ ನೀರಿನಷ್ಟು ಬೆಚ್ಚಗಿತ್ತು, ಅಷ್ಟೇ. ಮುಂದಿನ ವಾರವೂ ಹಾಗೆಯೇ ಆಯಿತು, ಆಗ ಏಳು ನಿಮಿಷವನ್ನೂ ಕಾಯಲಿಲ್ಲ.

ಅವಳ ತಾಯಿ ಐವತ್ಮೂರರ ನೆರೆಯಲ್ಲಿ, ಸಮುದ್ರ ಕಟ್ಟೆ ಒಡೆದು ಊರಿಗೆ ನುಗ್ಗಿದಾಗ, ಎರಡು ರಾತ್ರಿ ಮಾಡಿನ ಮೇಲೆ ಕೂತು ಬದುಕಿದವಳು. ಅದರ ಬಗ್ಗೆ ಕೇಳಿದರೆ "ಚಳಿ ಇತ್ತು" ಅನ್ನುತ್ತಿದ್ದಳು, ಅದರ ಮೇಲೆ ಇನ್ನೊಂದು ಮಾತಿಲ್ಲ. ಆ ಮನೆಯಲ್ಲಿ ಭಯ ಎಂಬುದು ಬೇರೆಯವರ ಮನೆಯ ಸಾಮಾನು. ನೆಲ್ಲಾ ಈಜುಕೊಳದ ದಂಡೆಯ ಮೇಲೆ ಉದ್ದನೆಯ ಕೋಲು ಹಿಡಿದು ನಿಂತು ಅದನ್ನೇ ಮಕ್ಕಳಿಗೆ ದಾಟಿಸಿದಳು. ಪರೀಕ್ಷೆಯ ದಿನ ಮಕ್ಕಳು ಬಟ್ಟೆ, ಬೂಟು ಸಮೇತ ನೀರಿಗಿಳಿದು, ನೀರೊಳಗೆ ಇಳಿಬಿಟ್ಟ ದಪ್ಪ ಪ್ಲಾಸ್ಟಿಕ್ ಹಾಳೆಯ ತೂತಿನೊಳಗಿಂದ ನುಸುಳಿ ಆಚೆ ಬರಬೇಕು. ಫೆಮ್ಕೆ ಎಂಬ ಏಳು ವರ್ಷದ ಹುಡುಗಿ ತೂತಿನ ಎದುರಿಗೆ ಬಂದು "ಕಿವಿ ನೋಯುತ್ತೆ ಮಿಸ್" ಎಂದು ಕೊಳದ ಅಂಚು ಹಿಡಿದುಕೊಂಡಿತ್ತು. "ನಾಟಕ ಸಾಕು, ಮುಳುಗು" ಅಂದಳು ನೆಲ್ಲಾ. ಕೋಲಿನ ತುದಿಯಿಂದ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಮೆಲ್ಲಗೇ ಬಿಡಿಸಿದಳು, ನಗುತ್ತಲೇ ಬಿಡಿಸಿದಳು. ಹುಡುಗಿ ಪಾಸಾಯಿತು. ಅದರ ಕಿವಿಯಿಂದ ಆ ಸಂಜೆ ಕೀವು ಬಂತೆಂದು ವಾರದ ಮೇಲೆ ತಿಳಿಯಿತು. ಅದರ ತಾಯಿ ಜಗಳ ಮಾಡಲಿಲ್ಲ, ಅಂಗಡಿಯಲ್ಲಿ ಸಿಕ್ಕಾಗ ನಮಸ್ಕಾರ ಹೇಳುವುದನ್ನು ಬಿಟ್ಟಳು. ನಿಜವಾದ ನೋವನ್ನು ನಾಟಕ ಅಂದವಳು, ಈಗ ನಾಟಕವನ್ನು ನೋವು ಅಂದಿದ್ದಾಳೆ, ಅದನ್ನು ಆಸ್ಪತ್ರೆಯವರು ನಂಬಿಬಿಟ್ಟಿದ್ದಾರೆ. ನಂಬದೆ ಒಂದು ಸಲ ಗದರಿಸಿದ್ದರೂ ಸಾಕಾಗಿತ್ತು.

ಹೋದ ಶನಿವಾರ ನಾದಿನಿ ಲೆನಾಳ ಹುಟ್ಟುಹಬ್ಬ. ಅವರ ಕಡೆ ಹುಟ್ಟುಹಬ್ಬವೆಂದರೆ ಕುರ್ಚಿಗಳನ್ನು ಗೋಡೆಗೆ ಸುತ್ತ ಹಾಕಿ, ಬಂದವರೆಲ್ಲ ಎಲ್ಲರ ಕೈ ಕುಲುಕಿ, ಹುಟ್ಟಿದವಳಿಗೆ ಮಾತ್ರವಲ್ಲ ಅವಳ ಅಣ್ಣನಿಗೂ ಅತ್ತಿಗೆಗೂ ಪಕ್ಕದ ಮನೆಯವರಿಗೂ ಅಭಿನಂದನೆ ಹೇಳಿ, ಒಂದು ತುಂಡು ಸೇಬಿನ ಕೇಕು ತಿಂದು, ಮೂರು ಗಂಟೆ ಎದ್ದು ಹೋಗದೆ ಕೂರುವುದು. ಎದ್ದು ಹೋಗುವಂತಿಲ್ಲ, ಮೊಣಕಾಲುಗಳ ಸಾಲು ದಾಟಬೇಕು. "ಹೇಗಿದೆಯೇ ನಿನ್ನ ಕರೆಂಟು?" ಅಂತ ಲೆನಾ ಎಲ್ಲರೆದುರಿಗೂ ಕೇಳಿದಳು. "ಸುಟ್ಟುಗಿಟ್ಟು ಹೋಗಲ್ವೇನೆ?" ಲೆನಾಳ ಗಂಡ, "ಜನ್ಮವೆಲ್ಲಾ ನೀರಲ್ಲಿದ್ಲು, ಈಗ ಒಲೆ ಮೇಲೆ ಇಟ್ಟಿದಾರೆ" ಅಂದು ತಾನೇ ನಕ್ಕ. ಉಳಿದವರು ಕಾಫಿ ಕಪ್ಪಿನೊಳಗೆ ನೋಡಿಕೊಂಡರು. ಆಗ ಮರೀನಸ್, ಎಂದೂ ಬಾಯಿ ಬಿಡದ ಮರೀನಸ್, ಕೆಮ್ಮಿ ಗಂಟಲು ಸರಿಮಾಡಿಕೊಂಡ. "ನಮ್ಮ ನೆಲ್ಲಾ ತಡ್ಕೋತಾಳೆ ಬಿಡಿ. ಎರಡು ಹೆರಿಗೇಲೂ ಒಂದು ಸಲ 'ಅಮ್ಮಾ' ಅಂದೋಳಲ್ಲ ಇವಳು. ಸೂಲಗಿತ್ತಿ ಬಂದು, ನಿಜವಾಗ್ಲೂ ನೋವು ಶುರುವಾಗಿದ್ಯಾ ಅಂತ ನನ್ನ ಕೇಳಿದ್ಲು." ಎಲ್ಲರೂ ಅವಳ ಕಡೆ ಮೆಚ್ಚುಗೆಯಿಂದ ನೋಡಿದರು. ನಲವತ್ತು ವರ್ಷದಲ್ಲಿ ಅವನು ಅವಳನ್ನು ಜನರ ಮುಂದೆ ಹೊಗಳಿದ್ದು ಅದೇ ಮೊದಲು. ಅದೂ ಸುಳ್ಳಿನ ಮೇಲೆ ನಿಂತ ಹೊಗಳಿಕೆ ಎಂದು ಅವಳಿಗೆ ಅಳು ಬಂತು, ನಾಚಿಕೆಯೂ ಬಂತು.

ಇವತ್ತು ಆಸ್ಪತ್ರೆಯಲ್ಲಿ ವಿಕಿರಣದ ಕೋಣೆಯ ಕೆಲಸ ಹತ್ತೇ ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದಾಗ ಮರೀನಸ್ ಕಾಯುವ ಜಾಗದಲ್ಲಿ ಮನೆಯಿಂದ ತಂದ ಡಬ್ಬಿ ತೆರೆದು ಚೀಸು ಹಾಕಿದ ಬ್ರೆಡ್ಡು ತಿನ್ನುತ್ತಿದ್ದ. ಒಂದು ಹೋಳನ್ನು ಅವಳಿಗೆಂದು ಕಾಗದದಲ್ಲಿ ಮಡಿಸಿಟ್ಟಿದ್ದ. "ನಾನೂ ಒಳಗೆ ಬಂದು ಕೂತ್ಕೊಳ್ಲಾ?" ಅಂದ. ಎಂದೂ ಕೇಳಿದವನಲ್ಲ. ಅವನ ಗಡ್ಡದಲ್ಲಿ ಬ್ರೆಡ್ಡಿನ ಚೂರು ಅಂಟಿತ್ತು, ಕಣ್ಣಿನ ಕೆಳಗೆ ಚರ್ಮ ಜೋತುಬಿದ್ದಿತ್ತು. ಇವನೂ ಹೆದರಿದ್ದಾನೆ ಎಂದು ಅವಳಿಗೆ ಥಟ್ಟನೆ ಹೊಳೆಯಿತು. ಇಷ್ಟು ದಿನ ಕಾಣದೆ ಹೋದದ್ದು ಹೇಗೆ? "ಬೇಡ ಕಣೋ, ಸೆಕೆ ಅಲ್ಲಿ. ನೀನು ತಿನ್ನು" ಅಂದಳು. ಅವನು ಬಂದು ಕೂತರೆ ಅವನೆದುರಿಗೆ ನೋವೆಂದು ಅನ್ನಲೂ ಆಗುವುದಿಲ್ಲ, ಅನ್ನದೆ ಇರಲೂ ಆಗುವುದಿಲ್ಲ. ಉಂಗುರಕ್ಕೆ ಸೋಪು ಹಚ್ಚಿ ತೆಗೆದು ಅವನ ಅಂಗೈಗೆ ಕೊಟ್ಟಳು, ಬಟ್ಟಲಿಗೆ ಹಾಕಲಿಲ್ಲ.

ಇಲ್ಸೆ ಬಾಗಿಲಲ್ಲೇ ನಿಂತಿದ್ದಳು. ಕೋಣೆಯೊಳಗೆ ಪೆಟ್ಟಿಗೆಗಳು ಹೋದ ಸಲಕ್ಕಿಂತ ಬೇರೆ ಥರ ಜೋಡಿಸಿದ್ದವು, ನೀರಿನ ಚೀಲವೂ ಹೊಸದು. ನೆಲ್ಲಾ ಮಲಗಿದ ಮೇಲೆ ಅವಳು ತಂತಿಗಳನ್ನು ಒಂದೊಂದಾಗಿ ಅಂಟಿಸುತ್ತಾ, ಯಾವತ್ತಿನ ಹಾಗಲ್ಲದೆ ತಗ್ಗಿದ ದನಿಯಲ್ಲಿ ಮಾತಾಡಿದಳು. "ಹೋದ ಎರಡು ಸಲವೂ ನಲವತ್ತು ಮುಟ್ಲಿಲ್ಲ. ಅಷ್ಟು ಕಡಿಮೆ ಶಾಖಕ್ಕೇ ನಿಮಗೆ ನೋಯ್ತು ಅಂದ್ರೆ ತಪ್ಪು ನಮ್ದೇ ಇರ್ಬೇಕು. ಚೀಲ ಸರಿಯಾಗಿ ಕೂತಿರ್ಲಿಲ್ವೋ ಏನೋ. ಬೆಳಿಗ್ಗೆಯಿಂದ ಮೂರು ಜನ ಕೂತು ಎಲ್ಲಾ ಮತ್ತೆ ಜೋಡಿಸಿದೀವಿ. ಎರಡು ವಾರ ನಿಮಗೆ ನೋಯಿಸಿದ್ದಕ್ಕೆ ನನಗೆ ಬೇಜಾರಿದೆ ನೆಲ್ಲಾ. ಕ್ಷಮಿಸ್ಬೇಕು."

ಆ 'ಕ್ಷಮಿಸ್ಬೇಕು' ಎಂಬುದನ್ನು ನೆಲ್ಲಾ ತಡೆದುಕೊಳ್ಳಲಾರದೆ ಹೋದಳು. ಚಾವಣಿಯನ್ನು ನೋಡುತ್ತಾ, "ನೋಯ್ಲಿಲ್ಲ" ಅಂದಳು.

"ಏನು?"

"ಎರಡು ಸಲವೂ ನೋಯ್ಲಿಲ್ಲ. ಸುಳ್ಳು ಹೇಳ್ದೆ. ನೀನು ಇಳಿಸ್ಲಿ ಅಂತ ಹೇಳ್ದೆ. ನಂಗೆ..." ಪದ ಬರಲಿಲ್ಲ. "ನಂಗೆ ಭಯ ಆಯ್ತು."

ಇಲ್ಸೆಯ ಕೈ ತಂತಿಯ ಮೇಲೆ ನಿಂತಿತು. ಕುರ್ಚಿ ಎಳೆದು ಕೂತಳು. ಈಗ ಬೈಯುತ್ತಾಳೆ, ಬೈಯಲಿ, ಬೈದು ಎದ್ದು ಹೋಗಲಿ ಎಂದು ನೆಲ್ಲಾ ಕಣ್ಣು ಮುಚ್ಚಿದಳು. "ಅಯ್ಯೋ ಮಹಾತಾಯಿ," ಅಂದಳು ಇಲ್ಸೆ, "ಮೊದಲೇ ಹೇಳ್ಬಾರ್ದಿತ್ತಾ! ಬೆಳಿಗ್ಗೆ ಕಾಫಿ ಕೂಡ ಕುಡಿದಿಲ್ಲ ನಾವು." ಅಂಟಿಸುತ್ತಿದ್ದ ತಂತಿಯನ್ನು ಒತ್ತಿ ಕೂರಿಸಿ, "ಎಲ್ಲಿ ನೋಯುತ್ತೆ ಅಂತ ಕೇಳ್ದಾಗೆಲ್ಲ 'ಇಲ್ಲೆಲ್ಲೋ' ಅಂತಿದ್ರಿ. ನಂಗೆ ಆಗ್ಲೇ ಅನುಮಾನ ಬರ್ಬೇಕಿತ್ತು. ಬಂತು ಕೂಡ. ಆದ್ರೂ ನೋವು ಅಂದ್ರೆ ನಾವು ನಂಬ್ಲೇಬೇಕು" ಅಂದಳು.

"ಆ ಎರಡೂ ದಂಡ ಆಯ್ತಾ?"

"ದಂಡ ಅಲ್ಲ. ಸಾಲ್ದು."

"ಅದರಿಂದ... ಉಳಿಯೋದು ಕಷ್ಟ ಆಗುತ್ತಾ?"

"ಗೊತ್ತಿಲ್ಲ," ಅಂದಳು ಇಲ್ಸೆ. "ಡಾಕ್ಟರಿಗೆ ನಾನು ಹೇಳ್ಲೇಬೇಕು, ಅವರನ್ನ ಕೇಳಿ. ನಿಮ್ಮ ಸಮಾಧಾನಕ್ಕೆ ಅಂತ ಗೊತ್ತಿಲ್ಲದ್ದನ್ನ ಹೇಳಲ್ಲ. ಇನ್ನೆರಡಿದೆ. ಇವತ್ತು ಒಂದು, ಮುಂದಿನ ಮಂಗಳವಾರ ಒಂದು. ಇವತ್ತು ಭಯ ಆದ್ರೆ ಭಯ ಅನ್ನಿ, ನಾನು ಶಾಖ ಇಳಿಸಲ್ಲ. ನೋವಾದ್ರೆ ನೋವು ಅನ್ನಿ, ಇಳಿಸ್ತೀನಿ. ಎರಡನ್ನೂ ಕಲಸ್ಬೇಡಿ."

ಯಂತ್ರ ಗುಂಯ್ ಅಂದಿತು. ಬಿಸಿ ಹರಡಿತು. ಮೂವತ್ತೆಂಟು, ಇಲ್ಸೆ ಓದಿ ಹೇಳಿದಳು. ಮೂವತ್ತೊಂಬತ್ತು. "ಭಯ" ಅಂದಳು ನೆಲ್ಲಾ, ಏಳನೆಯ ನಿಮಿಷಕ್ಕೂ ಮೊದಲೇ. "ಹೂಂ" ಅಂದಳು ಇಲ್ಸೆ, ಪರದೆಯಿಂದ ಕಣ್ಣು ತೆಗೆಯದೆ. ನಲವತ್ತು. "ಭಯ." "ಹೂಂ." ಹೇಳಿದರೆ ಕಡಿಮೆಯಾಗುತ್ತದೆ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಕಡಿಮೆ ಆಗಲಿಲ್ಲ. ಎದೆ ಅಷ್ಟೇ ಹೊಡೆದುಕೊಳ್ಳುತ್ತಿತ್ತು, ಬೆನ್ನಿನ ಕೆಳಗೆ ಹಾಸಿದ್ದ ಬಟ್ಟೆ ಬೆವರಿಗೆ ಒದ್ದೆಯಾಗಿತ್ತು. ನಲವತ್ತೊಂದು. ಗುಳ್ಳೆಗಳು ಒಳಗೆ ಬೇಯುತ್ತಿವೆ ಎಂದು ಕಲ್ಪಿಸಿಕೊಳ್ಳಲು ನೋಡಿದಳು, ಅವುಗಳ ಬದಲು ತಾನೇ ಬೇಯುವುದು ಕಣ್ಣಿಗೆ ಬಂತು. ಗಾಯದ ಆ ಬಯಲಿನಲ್ಲಿ ಅರ್ಧಕ್ಕರ್ಧ ಸ್ಪರ್ಶವೇ ಇರಲಿಲ್ಲ, ನರಗಳು ಹದಿನಾಲ್ಕು ವರ್ಷದ ಹಿಂದೆಯೇ ಸತ್ತಿದ್ದವು. ಅಲ್ಲಿ ಈಗ ಏನಾಗುತ್ತಿದೆಯೋ ಯಾರಿಗೆ ಗೊತ್ತು? ತಂತಿಗೆ ತಂತಿ ಇರುವ ಜಾಗ ಗೊತ್ತು. ಉಳಿದದ್ದು ತನಗೆ ಗೊತ್ತಿರಬೇಕಂತೆ. ತನಗೋ ತನ್ನದೇ ಚರ್ಮದ ಮಾತು ತಿಳಿಯದು. ನಲವತ್ತೆರಡು, ಅಂದಳು ಇಲ್ಸೆ. ಅವಳ ದನಿಯಲ್ಲಿ ಸಂತೋಷ ಇಣುಕಿತು.

ಇಪ್ಪತ್ತನೆಯ ನಿಮಿಷ ದಾಟಿತು, ಮೂವತ್ತು ದಾಟಿತು. ಆಮೇಲೆ ಅದು ಬಂತು. ಕತ್ತಿನ ಬುಡದಲ್ಲಿ, ಚೀಲದ ಅಂಚು ತಾಗುವಲ್ಲಿ, ಚುರ್ ಎಂದು. ನೋವೋ ಅಲ್ಲವೋ? ನೆಲ್ಲಾ ಉಸಿರು ಹಿಡಿದಳು. ನೋವು ಅಂದರೆ ಇಳಿಸುತ್ತಾಳೆ, ಇಳಿಸಿದರೆ ನಲವತ್ತೆರಡು ಹೋಗುತ್ತದೆ, ಮತ್ತೆ ಸ್ನಾನದ ನೀರು. ಅನ್ನದಿದ್ದರೆ ಸುಡುತ್ತದೆ, ಬೊಬ್ಬೆ ಎದ್ದರೆ ಮುಂದಿನ ಮಂಗಳವಾರದ್ದು ನಿಲ್ಲಿಸಿಬಿಡಬಹುದು. ಮಾಡಿದ್ದಕ್ಕೆ ಪ್ರಾಯಶ್ಚಿತ್ತವೆಂದು ತಡೆದುಕೊಳ್ಳಲೇ? ಅಥವಾ ಇದು ಮತ್ತೆ ಭಯವೇ ವೇಷ ಹಾಕಿ ಬಂದಿದೆಯೋ? ಎರಡು ಸಲ ಭಯಕ್ಕೆ ನೋವಿನ ಹೆಸರಿಟ್ಟು ಕರೆದಿದ್ದಾಳೆ, ಈಗ ಆ ಹೆಸರಿಗೆ ಎರಡೂ ಓಗೊಡುತ್ತಿವೆ. ಚುರ್ ಎಂಬುದು ಹೆಚ್ಚಾಯಿತು. ಅವಳ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು.

"ಇಲ್ಸೆ," ಅಂದಳು, "ಇದು ನೋವೋ ಭಯವೋ ಗೊತ್ತಾಗ್ತಿಲ್ಲ ಕಣೇ. ಖಂಡಿತ ಗೊತ್ತಾಗ್ತಿಲ್ಲ."

ಇಲ್ಸೆ ಎದ್ದು ಬಂದು ಹತ್ತಿರ ನಿಂತಳು. "ಬೆರಳಿಟ್ಟು ತೋರಿಸಿ. ಇಲ್ಲೆಲ್ಲೋ ಅನ್ಬೇಡಿ. ಒಂದೇ ಬೆರಳು."

ನೆಲ್ಲಾ ಬಲಗೈ ಎತ್ತಿದಳು. ಉಂಗುರವಿಲ್ಲದ ಬೆರಳು ಗಾಳಿಯಲ್ಲಿ ಇಳಿಯಿತು, ಕತ್ತಿನ ಬುಡಕ್ಕೆ ಬಂತು, ಎಲುಬಿನ ಕೆಳಗೆ ಒಂದು ಬಟಾಣಿಯಷ್ಟು ಜಾಗದ ಮೇಲೆ ಹೋಗಿ ಕೂತಿತು. ಅಲ್ಲೇ. ಒಂದಿಷ್ಟೂ ಅತ್ತಿತ್ತ ಅಲ್ಲ, ಅಲ್ಲೇ.

"ಹಾಗಾದ್ರೆ ಅದು ನೋವು," ಅಂದಳು ಇಲ್ಸೆ. ಆ ಮೂಲೆಯ ಒಂದು ಪೆಟ್ಟಿಗೆಯ ಶಾಖ ಮಾತ್ರ ತಗ್ಗಿಸಿದಳು, ಉಳಿದ ಮೂರನ್ನು ಮುಟ್ಟಲಿಲ್ಲ. ಅರ್ಧ ನಿಮಿಷದಲ್ಲಿ ಚುರ್ ಎಂಬುದು ನಿಂತಿತು. "ಹೋಯ್ತಾ?"

"ಹೋಯ್ತು."

ಹೋಗಿತ್ತು ನಿಜ. ಆದರೆ ಕೈ ಕೆಳಗಿಳಿಯಲಿಲ್ಲ. ಭಯ ಉಳಿದಿತ್ತಲ್ಲ, ಅದಕ್ಕೂ ಜಾಗ ಹುಡುಕುತ್ತಾ ಬೆರಳು ಗಂಟಲ ಮೇಲೆ ಹೋಯಿತು, ಹೊಟ್ಟೆಯ ಮೇಲೆ ಹೋಯಿತು, ಹಣೆಗೆ ಬಂತು. ಎಲ್ಲಿಟ್ಟರೂ ಅದಲ್ಲ ಅನ್ನಿಸಿತು. ಮೈಯಲ್ಲಿ ಅದಿಲ್ಲದ ಜಾಗವೂ ಸಿಗಲಿಲ್ಲ.

"ಉಳಿದ ಕಡೆ ನಲವತ್ತೆರಡಿದೆ ಇನ್ನೂ," ಅಂದಳು ಇಲ್ಸೆ. "ಇಪ್ಪತ್ತೆರಡು ನಿಮಿಷ ಉಳ್ದಿದೆ. ತುಂಬಾ ನಡುಗ್ತಿದೀರ ನೆಲ್ಲಾ. ನಿಲ್ಲಿಸ್ಲಾ?"

"ಭಯ ಆಗ್ತಿದೆ," ಅಂದಳು ನೆಲ್ಲಾ. ಹಲ್ಲು ಕಟಕಟ ಅನ್ನುತ್ತಿದ್ದವು. "ನಿಲ್ಲಿಸ್ಬೇಡ."